ಹದಿನೆಂಟು ಸೆಂಟು

ಆ ಕಾರ್ತಿಕ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಸಿದ್ದಲಿಂಗ ದಾಂಡೇಲಿಯ ಕಾಗದ ಕಾರ್ಖಾನೆಯ ಮೀಟರು ಕೋಣೆಯಲ್ಲಿ ಕುಳಿತು, ಉಗಿಯ ಒತ್ತಡ ತೋರಿಸುವ ಮೀಟರೊಂದನ್ನು ಒಂಬತ್ತನೆಯ ಸಲ ಪರೀಕ್ಷೆಗೆ ಹಚ್ಚಿದ್ದ. ಮೀಟರಿನಲ್ಲಿ ತಪ್ಪಿರಲಿಲ್ಲ. ಮೊದಲನೆಯ ಸಲವೇ ಮುಳ್ಳು ತನ್ನ ಗೆರೆಯ ಮೇಲೆ ಅಲುಗದೆ ನಿಂತಿತ್ತು. ಆದರೂ 'ಸರಿಯಿದೆ' ಎನ್ನುವ ಹಸಿರು ಚೀಟಿಯನ್ನು ಅದರ ಮೈಗೆ ಅಂಟಿಸಲು ಅವನ ಕೈ ಒಪ್ಪುತ್ತಿರಲಿಲ್ಲ. ಇಪ್ಪತ್ತೊಂದು ವರ್ಷಗಳಲ್ಲಿ ಅವನು ಅಂಟಿಸಿದ ಹಸಿರು ಚೀಟಿಗಳನ್ನು ಒಂದರ ಪಕ್ಕ ಒಂದು ಹಾಸಿದರೆ ಇಲ್ಲಿಂದ ಜೋಯಿಡಾ ಕಡೆಯ ರಾಮನಗರದವರೆಗೆ ರಸ್ತೆಯೇ ಹಸಿರಾಗಿ, ಕಾಡುಕೋಣಗಳು ಹುಲ್ಲೆಂದು ತಿಳಿದು ಮೇಯಲು ಇಳಿಯುತ್ತಿದ್ದವು. ಅವುಗಳಲ್ಲಿ ಒಂದೂ ಸುಳ್ಳು ಚೀಟಿಯಲ್ಲ. ಸುಳ್ಳು ಚೀಟಿ ಅಂಟಿಸುವವನನ್ನು ಅದೇ ಬಾಯ್ಲರಿನಲ್ಲಿ ಬೇಯಿಸಬೇಕು ಎಂದು ಹೊಸದಾಗಿ ಸೇರಿದವರಿಗೆಲ್ಲ ಅವನೇ ಪಾಠ ಹೇಳಿದ್ದ. ಅಂಥ ಕೈ ನಿನ್ನೆ ಭಾನುವಾರ ಮಧ್ಯಾಹ್ನ, ಹೊಟ್ಟೆ ತುಂಬ ಉಂಡ ಮೇಲೆ, ಜೀವಮಾನದಲ್ಲಿ ಮೊದಲ ಸಲ ಒಂದು ಯಂತ್ರವನ್ನು ಬೇಕೆಂತಲೇ ಸುಳ್ಳು ಹೇಳುವಂತೆ ತಿರುಗಿಸಿತ್ತು. ಯಂತ್ರ ಕಾರ್ಖಾನೆಯದಲ್ಲ. ಹಳಿಯಾಳದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ರುದ್ರೇಶನ ಕೀಬೋರ್ಡು.

ಕೀಬೋರ್ಡು ಎಂದು ಅದನ್ನು ಕರೆಯುವುದೇ ಒಂದು ದೊಡ್ಡ ಔದಾರ್ಯ ಎಂಬುದು ಸಿದ್ದಲಿಂಗನ ಖಚಿತ ಅಭಿಪ್ರಾಯ. ಅದು ಆಟಿಕೆ. ಅದರೊಳಗೆ ಇನ್ನೂರು ವಾದ್ಯ ಇವೆಯೆಂದು ಮೇಲೆ ಬರೆದಿತ್ತು. ಅವುಗಳಲ್ಲಿ ನೂರಾ ತೊಂಬತ್ತೊಂಬತ್ತು ಶೀತವಾದ ಶಹನಾಯಿ, ಉಳಿದದ್ದೊಂದು ನಾಯಿ. ಒಂದು ಗುಂಡಿ ಒತ್ತಿದರೆ ತಬಲಾ ತಾನೇ ಬಡಿದುಕೊಳ್ಳುತ್ತದೆ. ಇನ್ನೊಂದು ಗುಂಡಿ ಒತ್ತಿದರೆ ಇಡೀ ಶ್ರುತಿಯೇ ಮೇಲೆ ಕೆಳಗೆ ಸರಿಯುತ್ತದೆ. ರುದ್ರೇಶನಿಗೆ ಬರುವುದು ಬಿಳಿ ಒಂದು, ಅಂದರೆ ಮೊದಲ ಬಿಳಿ ಕೀಲಿಯ ಶ್ರುತಿ ಮಾತ್ರ. ಹಾಡುವವರು ಕರಿ ಎರಡು ಎನ್ನಲಿ, ಬಿಳಿ ನಾಲ್ಕು ಎನ್ನಲಿ, ಅವನು ಆ ಗುಂಡಿ ಒತ್ತಿ ಅದೇ ಬಿಳಿ ಒಂದರಲ್ಲಿ ಬೆರಳಾಡಿಸುತ್ತಾನೆ. ಅದು ಸಂಗೀತವಲ್ಲ, ಲಿಫ್ಟು ಎಂದು ಸಿದ್ದಲಿಂಗ ಹತ್ತು ಕಡೆ ಹೇಳಿದ್ದಾನೆ. ಇಂಟರ್ನೆಟ್ಟಿನಲ್ಲಿ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯದ ಹುಚ್ಚರೆಲ್ಲ ಸೇರುವ ಒಂದು ಕಟ್ಟೆಯಿದೆ, ಅಲ್ಲಿ ಅವನು ಬರೆದ ಮಾತಿಗೆ ಜಪಾನಿನವರೂ ಜರ್ಮನಿಯವರೂ ಮರುಮಾತಾಡುವುದಿಲ್ಲ. ದನಿಯನ್ನು ನಿಜವಾದ ವಿದ್ಯುತ್ತು ಹುಟ್ಟಿಸಬೇಕು, ಲೆಕ್ಕಾಚಾರದ ಕಂಪ್ಯೂಟರ್ ಚಿಪ್ಪು ಹುಟ್ಟಿಸಬಾರದು, ಚಿಪ್ಪಿನ ದನಿಗೆ ತಾಯಿಯಿಲ್ಲ ಎಂದು ಅವನು ಬರೆದದ್ದನ್ನು ಯಾರೋ ಬ್ರೆಜಿಲಿನವನು ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡಿದ್ದ. ಕಂಪ್ಯೂಟರಿನ ಬಗ್ಗೆಯೂ ಅಷ್ಟೇ. ವಿಂಡೋಸ್ ಇಟ್ಟುಕೊಂಡವರು ಬಾಡಿಗೆ ಮನೆಯವರು, ಮಾಲೀಕ ಹೇಳದೆ ಕೇಳದೆ ಬಂದು ಗೋಡೆಗೆ ಬಣ್ಣ ಬಳಿಯುತ್ತಾನೆ; ಮ್ಯಾಕ್ ಕೊಂಡವರು ಲಾಡ್ಜಿನವರು, ಎಲ್ಲ ಚಂದ, ಒಂದು ಮೊಳೆ ಹೊಡೆಯಲು ಮಾತ್ರ ಬಿಡುವುದಿಲ್ಲ; ಲಿನಕ್ಸ್ ಇಟ್ಟುಕೊಂಡವನೊಬ್ಬನೇ ಸ್ವಂತ ಮನೆಯವನು. ಆ ಸ್ವಂತ ಮನೆಯ ಮಾಡು ವರ್ಷಕ್ಕೆ ಹತ್ತು ತಿಂಗಳು ಸೋರುತ್ತಿತ್ತು ಎಂಬುದು ಬೇರೆ ಮಾತು.

ಹತ್ತನೆಯ ಸಲ ಮುಳ್ಳು ಮತ್ತೆ ಗೆರೆಯ ಮೇಲೆ ನಿಂತಿತು. ಅವನು ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪೂರ್ಣಿಮಾ ಈಗ ಏನು ಮಾಡುತ್ತಿರಬಹುದು ಎಂದು ಯೋಚಿಸಿದ. ಹೆಂಡತಿ ಮನೆಯಲ್ಲಿ ಹಾಡುತ್ತಿರಬಹುದು. ಸೋಮವಾರವೆಂದರೆ ಅವಳು ಬೆಳಗಿನಿಂದಲೇ ಗುನುಗುತ್ತಾಳೆ, ಒಲೆಯ ಮುಂದೆ, ನಲ್ಲಿಯ ಮುಂದೆ. ಸಂಜೆ ನಾಲ್ಕಕ್ಕೆ ಹಳಿಯಾಳದಲ್ಲಿ ಅಡಿವೆಯ್ಯನವರ ಪಡಸಾಲೆಯಲ್ಲಿ ಭಜನೆ. ಅಡಿವೆಯ್ಯ ಭತ್ತದ ವ್ಯಾಪಾರ ಮಕ್ಕಳಿಗೆ ಬಿಟ್ಟುಕೊಟ್ಟು ಹಾರ್ಮೋನಿಯಂ ಹಿಡಿದ ಎಪ್ಪತ್ತರ ಮುದುಕ. ಅವರ ಪೇಟಿಗೆ ಅವರಿಗಿಂತ ಹೆಚ್ಚು ವಯಸ್ಸು. ನಾಲ್ಕು ವರ್ಷದಿಂದ ಪೂರ್ಣಿಮಾ ಅಲ್ಲಿ ವಚನ ಹಾಡುತ್ತಾಳೆ, ನಾಲ್ಕು ವರ್ಷದಿಂದ ಅವಳ ಎಡಗಡೆಯ ಚಾಪೆಯ ಮೇಲೆ ಆ ಲಿಫ್ಟಿನವನು ಕುಳಿತಿರುತ್ತಾನೆ. ಬರುವ ಸೋಮವಾರ ಮುಂಡಗೋಡದ ಕಡೆ ಸನವಳ್ಳಿಯಲ್ಲಿ ದೊಡ್ಡ ಭಜನೆಯಿದೆ. ಜೀಪಿನಲ್ಲಿ ಆರು ಜನಕ್ಕೆ ಜಾಗ. ಐದು ಜನ ನಿಶ್ಚಯವಾಗಿದ್ದರು. ಆರನೆಯ ಜಾಗ ರುದ್ರೇಶನದೋ ಬೇರೆ ಯಾರದೋ, ಈ ಸೋಮವಾರ ಕೇಳಿ ಹೇಳುತ್ತೇನೆ ಎಂದು ಅಡಿವೆಯ್ಯ ಅಂದಿದ್ದರಂತೆ. ಯಾಕೋ ಆ ಪ್ಲಾಸ್ಟಿಕ್ಕಿನ ದನಿ ಕಿವಿಗೆ ಒಗ್ಗುತ್ತಿಲ್ಲವೆಂದು. ಪೂರ್ಣಿಮಾ ನಿನ್ನೆ ಪಲ್ಯ ಬಡಿಸುತ್ತ ಇದನ್ನು ಹೇಳಿದಾಗ ಸಿದ್ದಲಿಂಗನ ಎದೆಯಲ್ಲಿ ಸೂಪಾ ಅಣೆಕಟ್ಟಿನ ಎಲ್ಲ ಬಾಗಿಲೂ ಒಟ್ಟಿಗೆ ತೆರೆದವು. ಮೇಲೆ ಮಾತ್ರ ಅವನು ಉಪ್ಪು ಕೇಳಿದ.

ಅವನೂ ಒಮ್ಮೆ ತನ್ನ ಸರಂಜಾಮು ಆ ಪಡಸಾಲೆಗೆ ಒಯ್ದಿದ್ದ. ಆ ನೆನಪು ಬಂದರೆ ಈಗಲೂ ಕಿವಿಯ ಹಿಂದೆ ಬೆವರುತ್ತದೆ. ಮನೆಯಲ್ಲಿ ಮಗಳ ಓದಿಗೆಂದು ಕಟ್ಟಿಸಿ, ಮಗಳು ಧಾರವಾಡಕ್ಕೆ ಓದಲು ಹೋದ ಮೇಲೆ ಅವನು ಆಕ್ರಮಿಸಿಕೊಂಡ ಕೋಣೆಯಲ್ಲಿ ಹನ್ನೊಂದು ವರ್ಷಗಳ ದುಡಿಮೆ ಗೋಡೆಗೆ ನಿಂತಿದೆ: ಅವನೇ ಬೆಸುಗೆ ಹಾಕಿ ಮಾಡಿದ ಸಿಂಥಸೈಜರು, ಆಳೆತ್ತರದ್ದು, ನೂರಾರು ತಿರುಗುಣಿ, ಸಾವಿರಾರು ತಂತಿ. ಆ ತಂತಿ ಬಿಚ್ಚಿ ಎಳೆದರೆ ಜೋಯಿಡಾಕ್ಕೆ ಹೋಗಿ ಒಂದು ಆನೆಯನ್ನು ಕಟ್ಟಿ ವಾಪಸು ಬರಬಹುದು. ಅದರಲ್ಲಿ ಒಂದು ಪಾಲನ್ನು ಕಾರಿನ ಹಿಂದೆ ಹೇರಿಕೊಂಡು ಹೋಗಿ, ಎಲ್ಲರ ಮುಂದೆ ಜೋಡಿಸತೊಡಗಿದ. ಗಣಪತಿಯ ಸ್ತುತಿ ಆಯಿತು. ಜೊತೆಗೆ ತಂದ ಲಿನಕ್ಸ್ ಕಂಪ್ಯೂಟರಿಗೆ ದನಿಯ ಡಬ್ಬಿ ಕಾಣಿಸಲಿಲ್ಲ. ನಾಲ್ಕು ವಚನ ಆದವು. ಡಬ್ಬಿ ಕಂಡಿತು, ಕೀಲಿಮಣೆ ಕಾಣಿಸಲಿಲ್ಲ. ಅವನು ಮಂಡಿಯೂರಿ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಟೈಪು ಮಾಡುತ್ತಿದ್ದಾಗ ಬೆನ್ನ ಹಿಂದೆ ಮಂಗಳಾರತಿಯ ಗಂಟೆ ಬಾರಿಸಿತು. ಕೊನೆಗೆ ದನಿ ಬಂದಾಗ ಎಲ್ಲರ ಕೈಯಲ್ಲಿ ಪ್ರಸಾದದ ಬಾಳೆಹಣ್ಣಿತ್ತು. ಅಡಿವೆಯ್ಯನವರ ಹೆಂಡತಿ ಕಾಶೆವ್ವ ತಾಳ ಕೆಳಗಿಟ್ಟು, ಇದು ಏನು ಕರೆಂಟಿನ ಪೂಜೆಯೋ ಎಂದು ಕೇಳಿದ್ದಳು. ಯಾರೂ ಜೋರಾಗಿ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಅವತ್ತು ತಂತಿ ಸುತ್ತಲು ಸಹಾಯ ಮಾಡಿದವನು ರುದ್ರೇಶ ಒಬ್ಬನೇ, ಒಂದೊಂದು ತಂತಿಯನ್ನೂ ಮುಟ್ಟಿ, ಇದು ಯಾತಕ್ಕ ಸರ, ಇದು ಯಾತಕ್ಕ ಎಂದು ಭಕ್ತಿಯಿಂದ ಕೇಳುತ್ತ. ಅಸೂಯೆಪಡುವವನ ಮುಂದೆ ಭಕ್ತಿ ತೋರಿಸುವುದಕ್ಕಿಂತ ದೊಡ್ಡ ಹಿಂಸೆ ಮೂರು ತಾಲೂಕಿನಲ್ಲಿ ಇಲ್ಲ.

ಇನ್ನೊಂದು ನೆನಪು ಇದಕ್ಕಿಂತ ಚಿಕ್ಕದು, ಆದರೆ ಹೆಚ್ಚು ಚೂಪು. ಮೊದಮೊದಲು ಅವನು ಪೂರ್ಣಿಮಾಳನ್ನು ಕೋಣೆಗೆ ಕರೆದು ಹೊಸ ದನಿಗಳನ್ನು ಕೇಳಿಸುತ್ತಿದ್ದ. ಗುಹೆಯಲ್ಲಿ ಗಾಳಿ, ತಾಮ್ರದ ಕೊಡದಲ್ಲಿ ಜೇನು. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ಒದ್ದೆ ಕೈ ಸೆರಗಿಗೆ ಒರೆಸುತ್ತ, ಮುಕ್ಕಾಲು ಗಂಟೆ ನಿಂತು ಕೇಳಿ, ನಿಜವಾಗಿಯೂ ಆಸೆಯಿಂದ ಕೇಳಿದ್ದಳು: "ಎಲ್ಲಾ ಛಲೋ ಐತ್ರೀ. ಹಾಡು ಯಾವಾಗ ಚಾಲೂ ಆಗ್ತೈತಿ?" ಹಾಡು ಚಾಲೂ ಆಗಲೇ ಇಲ್ಲ. ಒಂದೇ ಒಂದು ಸಲ ನನ್ನ ದನಿಯ ಮೇಲೆ ನೀನು ಹಾಡು ಎಂದು ಕೇಳಬೇಕೆಂದು ಹನ್ನೊಂದು ವರ್ಷದಿಂದ ಅವನ ನಾಲಿಗೆಯ ತುದಿಯಲ್ಲಿತ್ತು. ದನಿ ಇನ್ನಷ್ಟು ಪಕ್ಕಾ ಆಗಲಿ ಎಂದು ಮುಂದೂಡಿದ. ಅಷ್ಟರಲ್ಲಿ ಅವಳು ಹೋಗಿ ಆಟಿಕೆಯ ಪಕ್ಕ ಕುಳಿತಳು. ಸೋಮವಾರ ರಾತ್ರಿ ಅವಳು ಫೋನಿನಲ್ಲಿ ರೆಕಾರ್ಡು ಮಾಡಿ ತಂದದ್ದನ್ನು ಕೇಳಿಸಿದರೆ ಅವನ ಕಿವಿಗೆ ಬೀಳುತ್ತಿದ್ದದ್ದು ಆ ಕೀಬೋರ್ಡು ಮಾತ್ರ: ಅದರ ಹಿಂದೆ ಒಂದು ಡಗಡಗ, ತಗಡು ನಡುಗಿದಂತೆ. ಕಸದ ಸ್ಪೀಕರು, ಅಂದುಕೊಳ್ಳುತ್ತಿದ್ದ, ಸಂತೋಷದಿಂದ.

ಹಾಗಿರುವಾಗ ಶನಿವಾರ ರುದ್ರೇಶ ತಾನಾಗಿ ಅದನ್ನು ಚಾದರದಲ್ಲಿ ಸುತ್ತಿಕೊಂಡು, ಮಗುವನ್ನು ದವಾಖಾನೆಗೆ ತಂದವನ ಹಾಗೆ ಮನೆಗೆ ಬಂದ. ಒಂದು ಕೀಲಿ ಅಂಟಿಕೊಳ್ಳುತ್ತಿದೆಯಂತೆ. ತನ್ನ ಅಂಗಡಿಯಲ್ಲಿ ಮೊಬೈಲು ಬಿಚ್ಚುವ ಹುಡುಗರಿದ್ದರೂ ಇದನ್ನು ಬೇರೆಯವರ ಕೈಗೆ ಕೊಡಲು ಮನಸ್ಸಾಗಲಿಲ್ಲವಂತೆ. "ನೀವು ಒಂದ್ಸಲ ಕೈ ಆಡಿಸಿದ್ರ ಸಾಕ್ರಿ ಸರ, ಅದಕ್ಕ ಬುದ್ಧಿ ಬರ್ತೈತಿ" ಎಂದ. ಪೂರ್ಣಿಮಾ ಅವನಿಗೆ ಚಹಾ ಕೊಟ್ಟಳು, ಜೊತೆಗೆ ಡಬ್ಬಿಯ ತಳದಲ್ಲಿ ಉಳಿದಿದ್ದ ಎರಡೇ ಎರಡು ಕರದಂಟು ಕೂಡ. ಸಿದ್ದಲಿಂಗ ಆ ಎರಡು ಕರದಂಟನ್ನು ಕೊನೆಯ ಚೂರಿನವರೆಗೂ ಲೆಕ್ಕವಿಟ್ಟ.

ಕೀಲಿಯ ಅಡಿ ಒಂದು ಕಡಲೆಬೇಳೆ ಸಿಕ್ಕಿಕೊಂಡಿತ್ತು. ಅದನ್ನು ತೆಗೆಯಲು ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಅವನು ಅದರ ಮುಂದೆ ಸುಮ್ಮನೆ ಕುಳಿತ. ಇಂಥ ಅಗ್ಗದ ಪೆಟ್ಟಿಗೆಗಳಲ್ಲೂ ಒಂದು ಗುಪ್ತ ಜಾಗ ಇರುತ್ತದೆ. ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿದರೆ ಇಡೀ ವಾದ್ಯದ ಶ್ರುತಿಯನ್ನು ಕೂದಲೆಳೆಯ ಲೆಕ್ಕದಲ್ಲಿ ಇಳಿಸಬಹುದು, ಏರಿಸಬಹುದು. ಒಂದು ಕೀಲಿಗೂ ಅದರ ಪಕ್ಕದ ಕೀಲಿಗೂ ನಡುವೆ ನೂರು ಪಾಲು ಮಾಡಿದರೆ ಒಂದು ಪಾಲಿಗೆ ಸೆಂಟು ಎನ್ನುತ್ತಾರೆ. ಲಿಫ್ಟಿನ ಗುಂಡಿಯೊಂದನ್ನೇ ಬಲ್ಲ ರುದ್ರೇಶನಿಗೆ ಈ ಜಾಗ ಇರುವುದು ಕನಸಿನಲ್ಲೂ ಗೊತ್ತಿರಲಾರದು. ಐವತ್ತು ಇಳಿಸಿದರೆ ಕತ್ತೆಗೂ ತಿಳಿಯುತ್ತದೆ. ಐದು ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಹದಿನೆಂಟು ಇಳಿಸಿದರೆ ಏನು ತಪ್ಪಿದೆಯೆಂದು ತಿಳಿಯುವುದಿಲ್ಲ, ಏನೋ ತಪ್ಪಿದೆ ಎನ್ನುವುದು ಮಾತ್ರ ಕಿವಿಯಲ್ಲಿ ಇರುವೆಯ ಹಾಗೆ ಹರಿದಾಡುತ್ತದೆ. ಬೇಯಿಸುವ ಹದ ಬಲ್ಲ ಅಡುಗೆಯವನಂತೆ ಅವನು ಹದಿನೆಂಟಕ್ಕೆ ನಿಲ್ಲಿಸಿದ. ಆರಿಸಿ ಹಚ್ಚಿದರೂ ಅಳಿಯದಂತೆ ಉಳಿಸಿದ. ಕೈ ನಡುಗಲಿಲ್ಲ. ಅದೇ ಅವನನ್ನು ಈಗ, ಮೀಟರುಗಳ ಮುಂದೆ, ಹೆದರಿಸುತ್ತಿದ್ದದ್ದು.

ಎರಡಕ್ಕೆ ಪಾಳಿ ಮುಗಿಯಿತು. ಕಾರು ಗ್ಯಾರೇಜಿನಲ್ಲಿತ್ತು. ತಾನೇ ಸ್ಕೂಟರಿನಲ್ಲಿ ಹಳಿಯಾಳಕ್ಕೆ ಬಿಡುತ್ತೇನೆ, ತಾನೂ ಕುಳಿತು ಕೇಳುತ್ತೇನೆ ಎಂದಾಗ ಪೂರ್ಣಿಮಾ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಅವಳು ಹಿಂದೆ ಕುಳಿತು, ಇಬ್ಬರ ನಡುವೆ ಚಾದರದ ಗಂಟನ್ನು ಅಡ್ಡ ಇಟ್ಟು ಎರಡೂ ಕೈಯಿಂದ ತಬ್ಬಿ ಹಿಡಿದಳು. ಹಳಿಯಾಳದವರೆಗಿನ ದಾರಿಯುದ್ದಕ್ಕೂ ಸಾಗವಾನಿಯ ಎಲೆ ಬಿದ್ದ ರಸ್ತೆಯ ಪ್ರತಿಯೊಂದು ಗುಂಡಿಯಲ್ಲೂ ರುದ್ರೇಶನ ಕೀಬೋರ್ಡು ಸಿದ್ದಲಿಂಗನ ಬೆನ್ನಿಗೆ ಗುದ್ದಿತು. ಇಷ್ಟು ಗುದ್ದು ತಿಂದ ಮೇಲೆ ಪಾಪ ಅರ್ಧ ತೀರಿರಬೇಕು ಎಂದು ಅವನಿಗೆ ಅನ್ನಿಸಿತು. ಅರ್ಲವಾಡ ದಾಟುವಾಗ, ಗಾಡಿ ನಿಲ್ಲಿಸಿ, ಎರಡು ಗುಂಡಿ ಒತ್ತಿ, ಎಲ್ಲ ಸರಿಮಾಡಿಬಿಡಲೇ ಎಂದೂ ಅನ್ನಿಸಿತು. ಅಷ್ಟರಲ್ಲಿ ಅವಳು ಹಿಂದಿನಿಂದ, ಗಾಡಿ ಸಾವಕಾಶ ಹೊಡೆಯಿರಿ, ಪಾಪ ರುದ್ರೇಶನ ಸಾಮಾನು ಇದೆ ಎಂದಳು. ಅವನು ವೇಗ ಹೆಚ್ಚಿಸಿದ.

ಪಡಸಾಲೆಯಲ್ಲಿ ಹನ್ನೆರಡು ಜನರಿದ್ದರು. ಸಿದ್ದಲಿಂಗನಿಗೆ ಹನ್ನೆರಡು ಸಾವಿರದಂತೆ ಕಂಡರು. ಅವನು ಹಿಂದಿನ ಕಂಬಕ್ಕೆ ಒರಗಿ, ಗೋಣಿಚೀಲದ ಮೇಲೆ ಕುಳಿತ. ಅಡಿವೆಯ್ಯ ಪೇಟಿಗೆ ಗಾಳಿ ತುಂಬುವ ಬಾತೆ ಎಳೆದು ಕರಿ ಎರಡರ ಶ್ರುತಿ ಹಿಡಿದರು. ರುದ್ರೇಶ ಕೀಬೋರ್ಡಿಗೆ ನಮಸ್ಕಾರ ಮಾಡಿ, ಗುಂಡಿ ಒತ್ತಿ, ಷಡ್ಜ ಹಿಡಿದ. ಸಿದ್ದಲಿಂಗ ಇರುವೆಗಾಗಿ ಕಾದ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕಾದ. ಪಕ್ಕದಲ್ಲಿ ಯಾರೋ ಕೆಮ್ಮಿದರು, ಅದೇ ಶುರುವಾಯಿತೆಂದು ಕಣ್ಣು ತೆರೆದ. ಏನೂ ಶುರುವಾಗಿರಲಿಲ್ಲ. ಪೇಟಿಯ ದನಿ ಎಲ್ಲಿ ಮುಗಿದು ಕೀಬೋರ್ಡಿನದು ಎಲ್ಲಿ ಹತ್ತಿತು ಎಂದು ಅವನಿಗೇ ಗುರುತು ಸಿಗಲಿಲ್ಲ. ಎರಡು ಹೊಳೆ ಸೇರಿ ಒಂದೇ ಬಣ್ಣದಲ್ಲಿ ಹರಿದಂತೆ ದನಿ ನೆಲದ ಮೇಲೆ ಹರಿದು ಅವನ ಗೋಣಿಚೀಲದವರೆಗೂ ಬಂತು. ಆ ಡಗಡಗ ಎಲ್ಲಿ? ತಗಡು ನಡುಗುವ ಸದ್ದು, ನಾಲ್ಕು ವರ್ಷ ಅವನು ಆಸೆಪಟ್ಟು ಕೇಳಿದ್ದು, ಎಲ್ಲಿ ಹೋಯಿತು? ಮೀಟರು ಕೋಣೆಯ ಅಭ್ಯಾಸದಿಂದ ಅವನ ತಲೆ ತಾನಾಗಿ ಲೆಕ್ಕ ಹಾಕಿತು, ಉತ್ತರ ಬೆವರಿನಂತೆ ಇಳಿದು ಬಂತು. ಎಪ್ಪತ್ತು ದಾಟಿದ ಪೇಟಿ. ಭತ್ತದ ಅಂಗಡಿಯ ಧೂಳು ಎಪ್ಪತ್ತು ವರ್ಷ ಅದರ ಹಿತ್ತಾಳೆಯ ನಾಲಿಗೆಗಳ ಮೇಲೆ ಕೂತು ಕೂತು ಶ್ರುತಿಯನ್ನು ಇಳಿಸಿದೆ. ಹೊಸ ಕೀಬೋರ್ಡು ತನ್ನ ಜಾಗದಲ್ಲಿ ಸರಿಯಾಗಿ ನಿಂತು ನಾಲ್ಕು ವರ್ಷ ಪೇಟಿಯೊಂದಿಗೆ ಗುದ್ದಾಡಿದೆ. ಡಗಡಗ ಸ್ಪೀಕರಿನದಲ್ಲ, ಆ ಗುದ್ದಾಟದ್ದು. ಎರಡು ಸೆಂಟಿನ ಸೊಟ್ಟನ್ನೂ ನಿದ್ದೆಯಲ್ಲಿ ಹಿಡಿಯುತ್ತೇನೆ ಎಂದು ಇಡೀ ಜಗತ್ತಿಗೆ ಸಾರಿದವನ ಕಿವಿಗೆ ಅದು ಬಿದ್ದಿರಲಿಲ್ಲ, ಯಾಕೆಂದರೆ ಅವನು ಪೇಟಿಯನ್ನು ಕೇಳಿರಲೇ ಇಲ್ಲ. ರುದ್ರೇಶನನ್ನು ಮಾತ್ರ ಕೇಳಿದ್ದ. ಈಗ ಸುಳ್ಳಾಗಲೆಂದು ತಿರುಗಿಸಿದ ಮುಳ್ಳು ಹೋಗಿ ಸರಿಯಾದ ಗೆರೆಯ ಮೇಲೆ ಕುಳಿತಿತ್ತು.

ಆಗ ಪೂರ್ಣಿಮಾ ಹಾಡಿದಳು. ನಾಲ್ಕು ವರ್ಷ ಯಾವ ಬಾಗಿಲಿಂದ ಒಳಗೆ ಬರಬೇಕೆಂದು ತಿಳಿಯದೆ ಹೊಸ್ತಿಲಲ್ಲಿ ನಿಂತಿದ್ದ ದನಿ ಅದು. ಇವತ್ತು ಒಳಗೆ ಬಂದು, ಕಾಲು ಚಾಚಿ ಕುಳಿತು, ಇಡೀ ಮನೆ ತನ್ನದೆನ್ನುವಂತೆ ಮಾತಾಡಿತು. ಹೊರಗೆ ರಸ್ತೆಯಲ್ಲಿ ಗೋವೆಯ ಲಾರಿಗಳು ಎಂಜಿನ್ ಆರಿಸಿ ನಿಂತವು ಎಂದು ಸಿದ್ದಲಿಂಗ ಇವತ್ತಿಗೂ ಆಣೆ ಮಾಡುತ್ತಾನೆ. ಅವಳು ಒಂದು ಸಲವೂ ಹಿಂದೆ ತಿರುಗಲಿಲ್ಲ. ಎಡಕ್ಕೆ ತಿರುಗಿದಳು, ಕೀಬೋರ್ಡಿನ ಕಡೆ, ಮತ್ತು ನಕ್ಕಳು. ತಾನು ತೆರೆದ ಬಾಗಿಲಿನಲ್ಲಿ ಬೇರೆಯವನು ನಿಂತು ಅವಳನ್ನು ಸ್ವಾಗತಿಸುತ್ತಿರುವುದನ್ನು ಅವನು ಗೋಣಿಚೀಲದ ಮೇಲಿಂದ ನೋಡಿದ. ಅಂಗೈಯಲ್ಲಿ ಉಗುರು ನೆಟ್ಟು ನಾಲ್ಕು ಚಂದ್ರ ಮೂಡಿದವು.

ವಚನ ಮುಗಿದ ಮೇಲೆ ಅಡಿವೆಯ್ಯ ಬಾತೆಯ ಮೇಲಿನ ಕೈ ತೆಗೆಯದೆ ಕೀಬೋರ್ಡಿನ ಕಡೆ ಬಾಗಿದರು. "ಇವತ್ತ ನನ್ನ ಪೇಟಿ ಜಗಳಾ ತಗೀಲಿಲ್ಲ. ಇದರಾಗ ಯಾರ ಕೈ ಆಡೇತಿ?"

ರುದ್ರೇಶ ಗಾಬರಿಯಾಗಿ ಎರಡೂ ಕೈ ಮೇಲೆತ್ತಿದ. "ನಾ ಏನೂ ಮಾಡಿಲ್ರೀ ಅಜ್ಜಾರ. ಸಿದ್ದಲಿಂಗ ಸರ ರಿಪೇರಿ ಮಾಡ್ಯಾರ್ರಿ. ಅಲ್ಲೆ ಹಿಂದ ಕುಂತಾರ ನೋಡ್ರಿ."

ಹನ್ನೆರಡು ತಲೆ ಹಿಂದೆ ತಿರುಗಿದವು. ಹದಿಮೂರನೆಯದು ಪೂರ್ಣಿಮಾಳದು. ಸಿದ್ದಲಿಂಗನ ಬಾಯಿಂದ ಮಾತು ತಾನಾಗಿ ಹೊರಟಿತು, ಇಂಟರ್ನೆಟ್ಟಿನ ಕಟ್ಟೆಯ ಮೇಲೆ ಹೊರಡುವ ಅದೇ ಗತ್ತಿನಲ್ಲಿ. "ಹದಿನೆಂಟು ಸೆಂಟು ಇಳಿಸೀನ್ರಿ. ಪೇಟಿ ಇಳದೈತಿ, ಧೂಳಾ ಕುಂತೈತಿ. ಕೀಬೋರ್ಡ್ ಅದಕ್ಕ ತಗ್ಗಬೇಕಿತ್ತು, ತಗ್ಗಿಸೀನಿ." ಪ್ರತಿಯೊಂದು ಶಬ್ದವೂ ನಿಜ. ಎಲ್ಲ ಸೇರಿ ಬಾಯ್ಲರಿನಲ್ಲಿ ಬೇಯಿಸಬೇಕಾದ ಸುಳ್ಳು.

ಕಾಶೆವ್ವ ತಾಳ ಮಡಿಲಲ್ಲಿಟ್ಟುಕೊಂಡಳು. "ಅಂತೂ ಆ ತಂತಿ ಗಂಟಿನ್ಯಾಗಿಂದ ಒಂದು ಶಾಣ್ಯಾತನ ಹೊರಗ ಬಂತಲ್ಲೋ ನಮ್ಮಪ್ಪಾ." ಈ ಸಲ ಎಲ್ಲರೂ ಜೋರಾಗಿಯೇ ನಕ್ಕರು, ಪ್ರೀತಿಯಿಂದ. ಅಡಿವೆಯ್ಯ ಅವನನ್ನು ಮುಂದೆ ಕರೆದು ಬಾಳೆಹಣ್ಣು ಕೊಟ್ಟರು. ಇನ್ನು ಈ ಕೀಬೋರ್ಡನ್ನು ಯಾರೂ ಮುಟ್ಟಕೂಡದು, ಹೀಗೇ ಇರಲಿ, ಸನವಳ್ಳಿಯ ಜೀಪಿನಲ್ಲಿ ರುದ್ರೇಶನ ಜಾಗ ಪಕ್ಕಾ ಎಂದು ಹೇಳಿದರು. ರುದ್ರೇಶ ಬಗ್ಗಿ ಸಿದ್ದಲಿಂಗನ ಕಾಲು ಮುಟ್ಟಿದ. ಆ ಬೆರಳುಗಳು ಪಾದದ ಮೇಲೆ ಒಲೆಯ ಕೆಂಡದಂತೆ ಇದ್ದವು.

ವಾಪಸು ಬರುವಾಗ ಬೆಳಕು ಇನ್ನೂ ಮರಗಳ ತುದಿಯಲ್ಲಿತ್ತು. ಇಬ್ಬರ ನಡುವೆ ಈಗ ಯಾವ ಗಂಟೂ ಇರಲಿಲ್ಲ. ಹೇಳಿಬಿಡಬೇಕು, ಅಂದುಕೊಂಡ. ಮುಂದಿನ ತಿರುವಿನಲ್ಲಿ. ಅದರ ಮುಂದಿನದರಲ್ಲಿ. ಹೊಟ್ಟೆಕಿಚ್ಚಿನಿಂದ ಮಾಡಿದೆ, ನಿನ್ನ ಹಾಡು ಕೆಡಲಿ ಎಂತಲೇ ಮಾಡಿದೆ ಎಂದು ಗಾಳಿಗೆ ಹೇಳಿದಂತೆ ಹೇಳಿಬಿಟ್ಟರೆ, ಅರ್ಧ ಕೇಳಿಸುತ್ತದೆ, ಅರ್ಧ ಹಾರಿಹೋಗುತ್ತದೆ. ಅವನು ಬಾಯಿ ತೆರೆಯುವ ಮೊದಲೇ ಅವಳ ಕೈ ಅವನ ಭುಜದ ಮೇಲೆ ಬಂತು.

"ನಾ ಹೇಳಿದ್ದು ನಿಮ್ಮ ಕಿವಿಗೆ ಬಿದ್ದಿತ್ತಂತ ನನಗ ಗೊತ್ತಾ ಇರ್ಲಿಲ್ರೀ" ಎಂದಳು. "ಬ್ಯಾಸಗ್ಯಾಗ ಹೇಳಿದ್ನಲ್ಲ. ಪೇಟಿಗೂ ಕೀಬೋರ್ಡಿಗೂ ನಡುವ ಏನೋ ತಿಕ್ಕತೈತಿ, ಯಾವುದರ ಕೈ ಹಿಡೀಬೇಕು ತಿಳೀವಲ್ದು ಅಂತ. ನೀವು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಹೂಂ ಅಂದ್ರಿ. ಕೇಳಿಸಿಲ್ಲ ಅಂತ ತಿಳದು ನಾ ಬಿಟ್ಟಬಿಟ್ಟೆ. ಮನಸಿನ್ಯಾಗ ಇಟಗೊಂಡಿದ್ರಿ."

ಸಿದ್ದಲಿಂಗ ಇಡೀ ಬೇಸಗೆಯನ್ನು ತಲೆಕೆಳಗು ಮಾಡಿ ಕೊಡವಿದ. ಬಾಗಿಲ ಚೌಕಟ್ಟು ಬಿತ್ತು, ಒದ್ದೆ ಕೈ ಬಿತ್ತು, ಒಂದು ತಾಟಿನಲ್ಲಿ ಹೆಚ್ಚಿದ ಸೌತೆಕಾಯಿ ಬಿತ್ತು. ಅವಳ ತುಟಿ ಅಲುಗಿದ್ದೂ ಬಿತ್ತು. ಮಾತು ಮಾತ್ರ ಬೀಳಲಿಲ್ಲ. ಅದು ಅವನ ಹತ್ತಿರ ಬಂದೇ ಇರಲಿಲ್ಲ. ಅದನ್ನು ಕೇಳಿಸಿಕೊಂಡವನು, ತಿಂಗಳುಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡವನು, ಸದ್ದಿಲ್ಲದೆ ಅವಳಿಗೊಂದು ಬಾಗಿಲು ತೆರೆದು ಹಿಂದಿನ ಕಂಬಕ್ಕೆ ಹೋಗಿ ಕುಳಿತವನು ಬೇರೆ ಯಾರೋ. ಅವನು ತನಗಿಂತ ಎತ್ತರ ಇರಬೇಕು ಎನ್ನಿಸಿತು. ಹೆಚ್ಚು ಮಾತಾಡದವನು ಇರಬೇಕು. ಅವನ ಮನೆಯ ಕೋಣೆಯಲ್ಲಿ ಒಂದು ತಂತಿಯೂ ಇರಲಾರದು. ಅವಳ ಜೊತೆ ಇಷ್ಟು ವರ್ಷ ಬದುಕಿದವನು ಅವನೇ ಇರಬೇಕಿತ್ತು.

ಪೂರ್ಣಿಮಾ ಮುಂದೆ ಬಾಗಿ ಕೆನ್ನೆಯನ್ನು ಅವನ ಬೆನ್ನಿಗೆ ಆನಿಸಿದಳು. ಆಮೇಲೆ, ಯಾರೂ ಕೇಳದೆ, ಯಾವ ಶ್ರುತಿಯೂ ಇಲ್ಲದೆ, ಸಣ್ಣ ದನಿಯಲ್ಲಿ ಹಾಡತೊಡಗಿದಳು. ದನಿ ಅಂಗಿಯನ್ನು ಹಾದು ಪಕ್ಕೆಲುಬುಗಳಲ್ಲಿ ಇಳಿಯಿತು. ಹನ್ನೊಂದು ವರ್ಷ ಅವನು ಕಾದದ್ದು ಇದಕ್ಕೇ. ಅವನು ಎಕ್ಸಲರೇಟರ್ ಸಡಿಲಿಸಿದ, ದಾರಿ ಬೇಗ ಮುಗಿಯಬಾರದೆಂದು. ರುದ್ರೇಶನ ಮೇಲೆ ಈಗ ಅವನಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ, ಆ ಹೆಸರೇ ಸಣ್ಣದಾಗಿ ಹಿಂದೆ ಎಲ್ಲೋ ಉದುರಿಹೋಗಿತ್ತು. ಹೊಟ್ಟೆಯಲ್ಲಿ ಬೆಂಕಿ ಮಾತ್ರ ಮೊದಲಿಗಿಂತ ಹತ್ತುಪಟ್ಟು ಎದ್ದಿತ್ತು. ಅವಳು ಹಾಡುತ್ತಿದ್ದದ್ದು ಆ ಇನ್ನೊಬ್ಬನಿಗೆ, ಕೇಳಿಸಿಕೊಂಡವನಿಗೆ. ಸಿದ್ದಲಿಂಗ ಉಸಿರು ಬಿಗಿಹಿಡಿದು ಗಾಡಿ ಹೊಡೆಯುತ್ತಿದ್ದ, ಅವರಿಬ್ಬರನ್ನೂ ಕೂಡಿಸಿಕೊಂಡು.